ಸಾಕ್ಷಿಯ ಬೆರಳೂ ಗುಲಾಬಿಯಾಯಿತು

ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ಸರ್ಕಾರದ ಒಂದು ಉಗ್ರಾಣವಿತ್ತು. ಬೇರೆ ಬೇರೆ ಕಚೇರಿಗಳಿಗೆ ಬೇಕಾದ ಮಸಿ, ಗೋಂದು, ಕಡತ ಕಟ್ಟುವ ದಾರ, ಗೆರೆ ಹಾಕಿದ ಕಾಗದ ಅಲ್ಲಿಂದ ಹೋಗುತ್ತಿದ್ದವು. ಲಂಚವಿಲ್ಲದ ಕಚೇರಿ ಎಂದು ಅದಕ್ಕೆ ಹೆಸರಿತ್ತು. ಕಾರಣ ದೊಡ್ಡದೇನಲ್ಲ. ಗೋಂದು ಬೇಕೆಂದು ಊರಿನವರು ಯಾರೂ ಅಲ್ಲಿಗೆ ಅರ್ಜಿ ಹಿಡಿದು ಬರುತ್ತಿರಲಿಲ್ಲ. ಬರುವವರೇ ಇಲ್ಲದ ಮೇಲೆ ಕೈಯೊಡ್ಡುವುದು ಯಾರ ಮುಂದೆ? ಹೀಗೆ ಅಲ್ಲಿನ ಹನ್ನೊಂದು ಮಂದಿಯೂ ವರ್ಷಗಟ್ಟಲೆ ಶುದ್ಧಹಸ್ತರಾಗಿ ಬಾಳಿದರು.

ಅವರಲ್ಲಿ ಗುಮಾಸ್ತ ಮರಿಯಣ್ಣನವರು ಮಾತ್ರ ಅವಕಾಶ ಸಿಕ್ಕಿದ್ದರೂ ಹಾಗೆಯೇ ಇರುತ್ತಿದ್ದರು ಎಂದು ಎಲ್ಲರೂ ಒಪ್ಪುತ್ತಿದ್ದರು; ಒಪ್ಪಿ, ಮರುಕಪಡುತ್ತಿದ್ದರು. ಗವಿಪುರದ ವಠಾರವೊಂದರಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಹೆಂಡತಿ ಪಿಳ್ಳಮ್ಮ, ಮದುವೆಯಾಗಿ ಹೋದ ಒಬ್ಬಳು ಮಗಳು. ಸೋಮವಾರ ಗವಿ ಗಂಗಾಧರೇಶ್ವರನ ದರ್ಶನ ಮಾಡಿಕೊಂಡೇ ಕಚೇರಿಗೆ ಹೋಗುವವರು. ಎಲ್ಲರೂ ದೇವರಲ್ಲಿ ಸೈಟು, ಸಂಬಂಧ, ಬಡ್ತಿ ಕೇಳಿದರೆ ಅವರು ಕೇಳುತ್ತಿದ್ದುದು ಒಂದೇ. ಸರ್ಕಾರಿ ನೌಕರನ ಸೇರ್ಪಡೆ, ರಜೆ, ಬಡ್ತಿ, ತಪ್ಪು ಎಲ್ಲವನ್ನೂ ಬರೆದಿಡುವ ಸೇವಾ ಪುಸ್ತಕ ಎಂಬುದೊಂದು ಇರುತ್ತದಲ್ಲ, ಅದರಲ್ಲಿ ಒಂದೇ ಒಂದು ಕಪ್ಪು ಮಾತು ಬೀಳದೆ ನಿವೃತ್ತನಾಗಬೇಕು. ಒಂದು ಮೆಮೊ ಕೂಡ ಬರಬಾರದು. ಗಂಗಾಧರೇಶ್ವರನಿಗೂ ಇದು ಸುಲಭದ ಬೇಡಿಕೆ ಎನಿಸಿರಬೇಕು; ಇಪ್ಪತ್ತೆರಡು ವರ್ಷ ನಡೆಸಿಕೊಟ್ಟ.

ಸಾವಿರದ ಒಂಬೈನೂರ ತೊಂಬತ್ನಾಲ್ಕರ ಫೆಬ್ರವರಿಯಲ್ಲಿ ಸೂಪರಿಂಟೆಂಡೆಂಟ್ ರಾಮಾನುಜ ಮರಿಯಣ್ಣನವರನ್ನು ಕರೆದರು.

"ಮರಿಯಣ್ಣೋರೆ, ನಾಳೆ ಬೆಳಗ್ಗೆ ಲಂಚ ಹಿಡಿಯೋ ದಳದ ಆಫೀಸಿಗೆ ಹೋಗ್ಬೇಕು. ಯಾರನ್ನೋ ಹಿಡೀತಾರಂತೆ. ಪಂಚರು ಬೇಕಂತೆ, ಸರ್ಕಾರಿ ನೌಕರರೇ ಆಗ್ಬೇಕಂತೆ."

"ನಾನೇ ಯಾಕೆ ಸಾರ್?"

"ಬೇರೆಯವ್ರಿಗೆಲ್ಲ ಬಿ.ಪಿ. ಇದೆ ಕಣ್ರೀ. ನಿಮಗಿಲ್ವಲ್ಲ."

ನಿಜವಾಗಿ ಆ ಕಾಗದ ಬಂದ ಅರ್ಧ ಗಂಟೆಯಲ್ಲೇ ಕಚೇರಿಯ ಒಂಬತ್ತು ಮಂದಿಗೆ ರಕ್ತದೊತ್ತಡ ಏರಿತ್ತು. ಪಂಚನಾಗುವುದೆಂದರೆ ಏನೆಂದು ಅವರಿಗೆಲ್ಲ ಗೊತ್ತಿತ್ತು. ಲಂಚ ತೆಗೆದುಕೊಂಡವನು ಆರು ತಿಂಗಳು ಮನೆಯಲ್ಲಿ ಕೂತು ಅರ್ಧ ಸಂಬಳ ತಿನ್ನುತ್ತಾನೆ, ನೋಡಿದವನು ಹತ್ತು ವರ್ಷ ಕೋರ್ಟಿಗೆ ಅಲೆಯುತ್ತಾನೆ. ಸರ್ಕಾರ ಲಂಚದ ಮೇಲೆ ಸಾರಿದ ಯುದ್ಧದಲ್ಲಿ ಮೊದಲು ಗಾಯಗೊಳ್ಳುವವನು ಸಾಕ್ಷಿಯೇ.

ದಳದ ಇನ್ಸ್‌ಪೆಕ್ಟರ್ ಬೈರಯ್ಯ ಮರಿಯಣ್ಣನವರಿಗೆ ವಿಧಾನ ವಿವರಿಸಿದರು. ನೋಟುಗಳ ನಂಬರು ಬರೆದುಕೊಂಡು ಅವಕ್ಕೊಂದು ಬಿಳಿಯ ಪುಡಿ ಸವರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ನೋಟು ಮುಟ್ಟಿದ ಕೈಯನ್ನು ಸೋಡಾ ಪುಡಿ ಕದಡಿದ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

"ಮನುಷ್ಯ ಸುಳ್ಳು ಹೇಳ್ಬೋದು ಮರಿಯಣ್ಣೋರೆ, ನೀರು ಹೇಳಲ್ಲ," ಎಂದರು ಬೈರಯ್ಯ. "ನೀವು ಹೆಣ್ಮಗಳ ಜೊತೆ ಒಳಗೆ ಹೋಗಿ, ಅವ್ನು ಏನ್ ಕೇಳ್ತಾನೆ, ಏನ್ ತಗೋತಾನೆ, ನೋಡಿ, ಕೇಳಿ. ಅಷ್ಟೇ. ಏನನ್ನೂ ಮುಟ್ಬೇಡಿ."

ಆ ಹೆಣ್ಣುಮಗಳು ಗುರುಬಸಮ್ಮ. ಧಾರವಾಡದ ಕಡೆಯವರು. ಗಂಡ ತೀರಿಕೊಂಡ ಮೇಲೆ ಚಾಮರಾಜಪೇಟೆಯ ತಮ್ಮ ಮನೆಯ ಮುಂಗೋಣೆಯಲ್ಲೇ ಖಾನಾವಳಿ ಇಟ್ಟುಕೊಂಡು ನಲವತ್ತು ಜನರಿಗೆ ರೊಟ್ಟಿ ಬಡಿದು ಹಾಕುತ್ತಿದ್ದರು. ಲೈಸೆನ್ಸಿಗೆ ಅರ್ಜಿ ಹಾಕಿ ಎರಡು ವರ್ಷವಾಗಿತ್ತು; ಆರೋಗ್ಯ ಇನ್ಸ್‌ಪೆಕ್ಟರ್ ಬಂದಾಗಲೆಲ್ಲ ಒಂದೊಂದು ಕೊರತೆ ತೋರಿಸುತ್ತಿದ್ದರು.

"ಕಿಟಕಿಗೆ ಜಾಳಿಗಿ ಇಲ್ಲ ಅಂದ್ರಿ, ಹಾಕಿಸಿದ್ನಿ," ಎಂದು ಅವರು ದಾರಿಯುದ್ದಕ್ಕೂ ಮರಿಯಣ್ಣನವರಿಗೆ ಒಪ್ಪಿಸಿದರು. "ಜಾಳಿಗಿ ತೂತು ದೊಡ್ಡದಾತು ಅಂದ. ಸಣ್ಣದು ಹಾಕಿಸಿದ್ನಿ. ಗಾಳಿ ಬರೂದಿಲ್ಲ ಅಂದ. ಕಡೀಕ ನಾನ ಕೇಳಿದ್ನಿ, ತೂತು ಎಷ್ಟ ದೊಡ್ಡದಿರಬೇಕ್ರೀ ಯಪ್ಪಾ ಅಂತ. ಐದನೂರು ರೂಪಾಯಿ ಹಿಡಿಯೂವಷ್ಟು ಅಂದ ನೋಡ್ರಿ!"

ಆ ಆರೋಗ್ಯ ಇನ್ಸ್‌ಪೆಕ್ಟರ್ ಮಧುಸೂದನ್ ವಾರ್ಡ್ ಕಚೇರಿಯ ತಮ್ಮ ಕೋಣೆಯಲ್ಲಿ ಬಹಳ ಮರ್ಯಾದೆಯಿಂದ ಬರಮಾಡಿಕೊಂಡರು. ಲಂಚ ಕೇಳುವವರಲ್ಲಿ ಇಷ್ಟೊಂದು ಸೌಜನ್ಯವಿರುತ್ತದೆ ಎಂದು ಮರಿಯಣ್ಣನವರಿಗೆ ಗೊತ್ತಿರಲಿಲ್ಲ. ಉಗ್ರಾಣದಲ್ಲಿ ಲಂಚ ಕೇಳದವರೂ ಇಷ್ಟು ಚೆನ್ನಾಗಿ ಮಾತಾಡುತ್ತಿರಲಿಲ್ಲ.

"ಬನ್ನಿ ಅಕ್ಕಾ, ಕೂತ್ಕೊಳ್ಳಿ. ಇವ್ರು?"

"ನಮ್ಮಣ್ಣಾರ್ರೀ. ಊರಿಂದ ಬಂದಾರ."

"ನಮಸ್ಕಾರ ಸಾರ್. ಏನಿಲ್ಲ, ತಂಗೀದು ಒಂದು ಸಣ್ಣ ಕೆಲ್ಸ ಬಾಕಿ ಇತ್ತು. ತಂದಿದೀರಾ ಅಕ್ಕಾ?"

ಗುರುಬಸಮ್ಮ ನೂರರ ಐದು ನೋಟು ಕೊಟ್ಟರು. ಮಧುಸೂದನ್ ಬಲಗೈಯಲ್ಲಿ ತೆಗೆದುಕೊಂಡು, ಒಂದು ಸಲ ಎಣಿಸಿ, ಅಂಗಿಯ ಜೇಬಿಗೆ ಹಾಕಿಕೊಂಡರು. ಬೈರಯ್ಯ ಮೊದಲೇ ಹೇಳಿಕೊಟ್ಟಿದ್ದಂತೆ ಗುರುಬಸಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡರು. ಕಿಟಕಿಯಾಚೆ ನಿಂತಿದ್ದ ಬೈರಯ್ಯ ಮತ್ತು ಅವರ ಜನ ನುಗ್ಗಿದರು.

ಆಗ ನಡೆದದ್ದು ಇಷ್ಟು. ಗಾಬರಿಯಾದ ಮಧುಸೂದನ್ ಜೇಬಿನಿಂದ ನೋಟು ಕಿತ್ತು ಎಸೆದರು. ನಾಲ್ಕು ನೋಟು ಮೇಜಿನ ಮೇಲೆ ಬಿದ್ದವು. ಒಂದು ತೇಲಿಕೊಂಡು ನೆಲಕ್ಕಿಳಿಯಿತು. ಹಿಂದೆ ಸರಿಯಲು ಹೋದ ಮರಿಯಣ್ಣನವರು ಚಪ್ಪಲಿ ಕಾಲಿನಲ್ಲಿ ಅದನ್ನು ತುಳಿದುಬಿಟ್ಟರು. ಲಕ್ಷ್ಮಿ. ಕಾಲ ಕೆಳಗೆ. ಐವತ್ತು ವರ್ಷ ಮನುಷ್ಯ ಏನು ಮಾಡುತ್ತಾ ಬಂದಿರುತ್ತಾನೋ ಅದನ್ನೇ ಅವರು ಮಾಡಿದರು. ಬಗ್ಗಿ ನೋಟನ್ನು ಮೂರು ಬೆರಳಿನಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಅಯ್ಯೋ ನಿಮ್ಮ! ಏನ್ ಮಾಡಿದ್ರೀ ಇವ್ರೇ?" ಎಂದು ಬೈರಯ್ಯ ಹಲ್ಲು ಕಚ್ಚಿದರು.

ಮಧುಸೂದನರ ಕೈಯನ್ನು ಗಾಜಿನ ಲೋಟದಲ್ಲಿ ಅದ್ದಿಸಿದರು. ನೀರು ಪನ್ನೀರು ಗುಲಾಬಿಯ ಬಣ್ಣವಾಯಿತು. ಅದನ್ನು ಬಾಟಲಿಗೆ ಸುರಿಯುವಾಗ, ಬಾಟಲಿ ಹಿಡಿದು ನಿಂತಿದ್ದ ಮರಿಯಣ್ಣನವರ ಕೈ ಮೇಲೆ ಇನ್ನೊಂದು ಲೋಟದ ತಿಳಿಯಾದ ಸೋಡಾ ನೀರು ತುಳುಕಿತು. ಎಲ್ಲರೂ ನೋಡುತ್ತಿದ್ದಂತೆ ಅವರ ಮೂರು ಬೆರಳೂ ಗುಲಾಬಿಯಾದವು.

"ನೋಡಿ! ಅವ್ರ ಕೈಯೂ ಆಯ್ತು! ಬರ್ಕೊಳಿ ಅದನ್ನೂ!" ಎಂದು ಮಧುಸೂದನ್ ಕೂಗಿದರು.

ಬರೆದುಕೊಳ್ಳಲಿಲ್ಲ. ನಡೆದದ್ದನ್ನೆಲ್ಲ ಸ್ಥಳದಲ್ಲೇ ದಾಖಲಿಸುವ ಮಹಜರು ಏಳು ಪುಟವಾಯಿತು. ಕೋಣೆಯ ಉದ್ದಗಲ, ಫ್ಯಾನಿನ ರೆಕ್ಕೆಗಳ ಸಂಖ್ಯೆ, ಕ್ಯಾಲೆಂಡರಿನಲ್ಲಿದ್ದ ದೇವರು ಯಾರು ಎಂಬುದೆಲ್ಲ ಅದರಲ್ಲಿತ್ತು. ಮರಿಯಣ್ಣನವರ ಬೆರಳು ಇರಲಿಲ್ಲ. ಅವರು ಏಳು ಪುಟವನ್ನೂ ಓದಿ, "ನಂದೂ ಬರೀಬೇಕಿತ್ತಲ್ವಾ ಸಾರ್?" ಎಂದರು.

"ನೀವೇನು ಲಂಚ ತಗೊಂಡ್ರಾ? ಇಲ್ವಲ್ಲ. ಸುಮ್ನೆ ಸೈನ್ ಹಾಕಿ."

ಹಾಕಿದರು. ಮನೆಗೆ ಬಂದು ಸೋಪು ಹಚ್ಚಿ ಮುಖ ತೊಳೆದಾಗ ರೆಪ್ಪೆಗಳೂ ಗುಲಾಬಿಯಾದವು.

"ಏನ್ರೀ ಇದು, ಆಫೀಸಲ್ಲಿ ಓಕುಳಿ ಆಡಿದ್ರಾ?" ಎಂದರು ಪಿಳ್ಳಮ್ಮ.

ಆಮೇಲೆ ಸರ್ಕಾರ ತನ್ನ ಕೆಲಸ ಮಾಡಿತು. ಮಧುಸೂದನರನ್ನು ಅಮಾನತು ಮಾಡಿತು, ಏಳನೆಯ ತಿಂಗಳಿಗೆ ಕೆಲಸಕ್ಕೆ ವಾಪಸು ತೆಗೆದುಕೊಂಡಿತು. ಮೊಕದ್ದಮೆ ಹೂಡಲು ಅವರ ಮೇಲಧಿಕಾರಿಯ ಅನುಮತಿ ಬೇಕಿತ್ತು. ಕಡತ ನಾಲ್ಕು ವರ್ಷ ಆ ಅನುಮತಿಗಾಗಿ ಕಾಯಿತು, ಏಕೆಂದರೆ ಒಬ್ಬ ಮೇಲಧಿಕಾರಿ ಓದುವ ಹೊತ್ತಿಗೆ ಇನ್ನೊಬ್ಬರು ಬಂದಿರುತ್ತಿದ್ದರು. ಬೈರಯ್ಯನವರಿಗೆ ಮೂರು ಸಲ ವರ್ಗವಾಯಿತು. ಆ ವಾರ್ಡ್ ಕಚೇರಿಯಲ್ಲಿ ಮಾತ್ರ ಒಂದು ಸುಧಾರಣೆ ಕಂಡಿತು. ಈಗ ಅಲ್ಲಿ ಯಾರೂ ಕೈಯಾರೆ ಹಣ ಮುಟ್ಟುತ್ತಿರಲಿಲ್ಲ. ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೊಟ್ಟು ಬರಬೇಕು. ಅಂಗಡಿಯವನ ಪಾಲೂ ಸೇರಿ ಐನೂರು ಇದ್ದದ್ದು ಎಂಟುನೂರಾಯಿತು. ಗುರುಬಸಮ್ಮನವರ ಅರ್ಜಿ ಎಂಟುನೂರಕ್ಕೂ ಅಲುಗಲಿಲ್ಲ. ಪೊಲೀಸರಿಗೆ ಹೇಳಿದ ಹೆಂಗಸಿನ ಹತ್ತಿರ ತೆಗೆದುಕೊಳ್ಳಬಾರದೆಂಬ ನಿಯಮವನ್ನು ಅಲ್ಲಿ ಎಲ್ಲರೂ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು. ಅವರು ಲೈಸೆನ್ಸಿಲ್ಲದೆಯೇ ರೊಟ್ಟಿ ಬಡಿಯುತ್ತಾ ಹೋದರು, ಆಗಾಗ ದಂಡ ಕಟ್ಟುತ್ತಾ.

ಕೋರ್ಟಿನ ಸಮನ್ಸು ಬರತೊಡಗಿದ್ದು ಎರಡು ಸಾವಿರದ ಇಸವಿಯಿಂದ. ಮರಿಯಣ್ಣನವರು ಹನ್ನೊಂದು ಸಲ ಹೋದರು. ಒಮ್ಮೆ ವಕೀಲರಿಲ್ಲ, ಒಮ್ಮೆ ನ್ಯಾಯಾಧೀಶರಿಲ್ಲ, ಒಮ್ಮೆ ಎಲ್ಲರೂ ಇದ್ದರು, ಬಾಟಲಿ ಬಂದಿರಲಿಲ್ಲ.

ಎರಡು ಸಾವಿರದ ಎರಡರ ಕಾರ್ತೀಕದಲ್ಲಿ, ಸಾಕ್ಷಿ ನುಡಿಯುವ ದಿನ ಖಾತ್ರಿಯಾದ ಮೇಲೆ, ಸರ್ಕಾರಿ ವಕೀಲರು ಅವರನ್ನು ಕೋಣೆಗೆ ಕರೆಸಿಕೊಂಡರು.

"ಮಹಜರಲ್ಲಿ ಇರೋದನ್ನ ಹಂಗೇ ಹೇಳಿ. ಬೆರಳಿನ ವಿಷಯ ಎತ್ಬೇಡಿ."

"ಕೇಳಿದ್ರೆ ಸಾರ್?"

"ಕೇಳಿದ್ರೆ 'ಜ್ಞಾಪಕ ಇಲ್ಲ' ಅನ್ನಿ. ಎಂಟು ವರ್ಷ ಆಯ್ತಲ್ಲ, ಯಾರಿಗಿರುತ್ತೆ? ಮರಿಯಣ್ಣೋರೆ, ಕೇಸು ಬಿದ್ಹೋದ್ರೆ ನಿಮ್ಮ ಇಲಾಖೆಗೆ ನಾನು ಬರೀಲೇಬೇಕಾಗುತ್ತೆ, ಪಂಚರ ತಪ್ಪಿಂದ ಬಿತ್ತು ಅಂತ. ರಿಟೈರ್‌ಮೆಂಟ್ ಯಾವಾಗ?"

"ಮೇ ತಿಂಗ್ಳು."

"ನೋಡಿ ಮತ್ತೆ."

ಮುಂದಿನ ಸೋಮವಾರ ಗವಿಪುರದ ದೇವಸ್ಥಾನದಲ್ಲಿ ಮಂಗಳಾರತಿ ತೆಗೆದುಕೊಂಡು ತಿರುಗಿದರೆ ಪಕ್ಕದಲ್ಲಿ ಮಧುಸೂದನ್. ಕೂದಲು ನರೆತಿತ್ತು. ಸೌಜನ್ಯ ಹಾಗೇ ಇತ್ತು.

"ನಮಸ್ಕಾರ ಸಾರ್. ನಾನು ಏನನ್ನೂ ಕೊಡಕ್ಕೆ ಬಂದಿಲ್ಲ, ಹೆದರ್ಕೋಬೇಡಿ. ಒಂದೇ ಬೇಡಿಕೆ. ದಯವಿಟ್ಟು ನಿಜ ಹೇಳಿ."

ಮರಿಯಣ್ಣನವರು ಹಣೆಗೆ ವಿಭೂತಿ ಹಚ್ಚಿಕೊಂಡರು.

"ನಿಮ್ಮ ಬೆರಳು ಗುಲಾಬಿ ಆಗಿದ್ದು ನಿಜ ತಾನೇ? ದೇವರ ಮುಂದೆ ನಿಂತಿದೀವಿ. ಅಷ್ಟು ಹೇಳಿ ಸಾಕು. ಸತ್ಯ ಹೇಳೋರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ ಸಾರ್."

"ನೀವು ದುಡ್ಡು ತಗೊಂಡಿದ್ದೂ ನಿಜವೇ," ಎಂದರು ಮರಿಯಣ್ಣನವರು.

"ಅದನ್ನೂ ಹೇಳಿ. ನಾನೆಲ್ಲಿ ಬೇಡ ಅಂದೆ?"

ಅಂದು ಅವರು ತೀರ್ಥವನ್ನೂ ಮರೆತು ಮನೆಗೆ ಬಂದರು. ಪಿಳ್ಳಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಮರಿಯಣ್ಣನವರು ಎದುರಿಗೆ ಕೂತು ಎಲ್ಲ ಹೇಳಿದರು.

"ಅಂದ್ರೆ," ಎಂದರು ಪಿಳ್ಳಮ್ಮ, "ಕಳ್ಳ ಬಂದು ನಿಜ ಹೇಳು ಅಂತಾನೆ, ಕಳ್ಳನ್ನ ಹಿಡಿಯೋರು ಸುಳ್ಳು ಹೇಳು ಅಂತಾರೆ. ಚೆನ್ನಾಗಿದೆ ನಿಮ್ಮ ಸರ್ಕಾರ."

"ಜ್ಞಾಪಕ ಇಲ್ಲ ಅನ್ನೋದು ಸುಳ್ಳಾಗುತ್ತಾ ಪಿಳ್ಳೂ?"

"ನಿಮಗೆ ಜ್ಞಾಪಕ ಇದ್ಯಾ?"

"ಎಂಟು ವರ್ಷದಿಂದ ದಿನಾ ಇದೆ."

"ಹಂಗಾದ್ರೆ ನನ್ನ ಯಾಕ್ ಕೇಳ್ತೀರಿ? ಆ ಪುಸ್ತಕ ಪುಸ್ತಕ ಅಂತೀರಲ್ಲ, ಅದನ್ನ ಯಮಧರ್ಮನ ಮುಂದೆ ಓದ್ತಾರಾ?"

ಹೇಳುವುದು ಪಿಳ್ಳಮ್ಮನಿಗೆ ಸುಲಭ. ಮರಿಯಣ್ಣನವರಿಗೆ ಆ ಪುಸ್ತಕವೇ ಒಂದು ಬದುಕು. ಕೆಲವರು ಮನೆ ಕಟ್ಟಿದರು, ಕೆಲವರು ಮಕ್ಕಳನ್ನು ಡಾಕ್ಟರು ಮಾಡಿದರು. ಅವರು ಮೂವತ್ತು ವರ್ಷ ಸೇರಿಸಿಟ್ಟದ್ದು ಅಷ್ಟೇ, ಕಲೆಯಿಲ್ಲದ ಕೆಲವು ಹಾಳೆ.

ಕೋರ್ಟಿನಲ್ಲಿ ಮರಿಯಣ್ಣನವರು ಮೊದಲು ಕಂಡದ್ದನ್ನೆಲ್ಲ ಹೇಳಿದರು. ಕೇಳಿದ್ದು, ಕೊಟ್ಟದ್ದು, ಎಣಿಸಿದ್ದು, ಜೇಬಿಗೆ ಹಾಕಿಕೊಂಡದ್ದು. ಸರ್ಕಾರಿ ವಕೀಲರ ಮುಖ ಅರಳಿತು. ಆರೋಪಿಯ ವಕೀಲರು ಎದ್ದರು.

"ಆ ದಿನ ನಿಮ್ಮ ಬೆರಳುಗಳೂ ಗುಲಾಬಿ ಬಣ್ಣಕ್ಕೆ ತಿರುಗಿದ್ದು ನಿಜವೇ?"

ಸರ್ಕಾರಿ ವಕೀಲರು ಕೆಮ್ಮಿದರು. ಜೋರಾಗಿಯೇ ಕೆಮ್ಮಿದರು.

"ನಿಜ ಸ್ವಾಮಿ," ಎಂದರು ಮರಿಯಣ್ಣನವರು. "ಕಾಲು ತಾಕ್ತು. ಮುಟ್ಟಿ ಕಣ್ಣಿಗೊತ್ಕೊಂಡೆ."

"ಮಹಜರಿನಲ್ಲಿ ಇದು ಇಲ್ಲ. ಆದರೂ ಸಹಿ ಹಾಕಿದಿರಿ."

"ಹಾಕ್ದೆ. ಅದು ನನ್ನ ತಪ್ಪು."

"ಆರೋಪಿ ಮುಟ್ಟುವ ಮೊದಲೇ ನೀವು ನೋಟು ಮುಟ್ಟಿದ್ದಿರಿ, ಆರೋಪಿಯ ಜೊತೆ ಕೈ ಕುಲುಕಿದ್ದರಿಂದ ಪುಡಿ ಅವರ ಕೈಗೂ ಅಂಟಿತು ಎನ್ನುತ್ತೇನೆ."

"ಇಲ್ಲ ಸ್ವಾಮಿ. ನಾವು ಕೈ ಕುಲುಕೋರಲ್ಲ, ಕೈ ಮುಗಿಯೋರು."

ಕೋರ್ಟು ನಕ್ಕಿತು. ಆ ನಗೆಯಲ್ಲಿ ವಕೀಲರ ಕೈಯಿಂದ ಕಾಗದದ ಕಟ್ಟು ಜಾರಿ ಬೂಟಿನ ಮೇಲೆ ಬಿತ್ತು. ಅವರು ಬಗ್ಗಿ ಎತ್ತಿಕೊಂಡು, ಮಾತು ನಿಲ್ಲಿಸದೆ, ಕಣ್ಣಿಗೊತ್ತಿಕೊಂಡರು. ಮರಿಯಣ್ಣನವರು ನ್ಯಾಯಾಧೀಶರತ್ತ ನೋಡಿದರು. ನ್ಯಾಯಾಧೀಶರು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಅದು ಯಾವ ದಾಖಲೆಗೂ ಹೋಗಲಿಲ್ಲ.

ತೀರ್ಪು ಯುಗಾದಿಗೆ ಮುಂಚೆ ಬಂತು. ಪ್ರಾಮಾಣಿಕ ಸಾಕ್ಷಿಯೊಬ್ಬನ ಮಾತಿನಿಂದಲೇ ಮಹಜರು ನಂಬಲರ್ಹವಲ್ಲವೆಂದು ತಿಳಿದುಬಂದಿರುವುದರಿಂದ ಸಂಶಯದ ಲಾಭ ಕೊಟ್ಟು ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ. ಮಧುಸೂದನರಿಗೆ ಅಮಾನತಿನ ಕಾಲದ ಬಾಕಿ ಸಂಬಳ ಬಂತು, ತಡೆದಿದ್ದ ಬಡ್ತಿ ಬಂತು. ನವೆಂಬರ್ ಬಂದಾಗ, ನೌಕರರಿಗೆ ಶುದ್ಧ ಆಡಳಿತದ ಬಗ್ಗೆ ಉಪನ್ಯಾಸ ಏರ್ಪಡಿಸಿದ ಕಚೇರಿಯೊಂದು ಅನುಭವಸ್ಥರೆಂದು ಅವರನ್ನೇ ಕರೆಯಿತು. ಚೆನ್ನಾಗಿ ಮಾತಾಡಿದರಂತೆ.

ತೀರ್ಪಿನ ಮರುದಿನ ಮರಿಯಣ್ಣನವರು ಗುರುಬಸಮ್ಮನವರ ಖಾನಾವಳಿಗೆ ಹೋಗಿ ಬಾಗಿಲಲ್ಲೇ ನಿಂತರು. ತಪ್ಪೊಪ್ಪಿಕೊಳ್ಳಲು ಬಂದಿದ್ದರು.

"ಒಳಗ ಬರ್ರಿ ಅಣ್ಣಾರ," ಎಂದರು ಗುರುಬಸಮ್ಮ. "ನಂಗೆಲ್ಲಾ ಗೊತ್ತಾತು. ನೀವು ಖರೇ ಹೇಳಿದ್ರಿ, ನಾನೂ ಖರೇ ಹೇಳಿದ್ನಿ. ಎರಡೂ ಕೂಡಿದ್ರ ಹಿಂಗಾತು. ಕುಂದರ್ರಿ, ಬಿಸಿ ರೊಟ್ಟಿ ಐತಿ."

ಸರ್ಕಾರಿ ವಕೀಲರು ಮಾತಿಗೆ ತಪ್ಪುವವರಲ್ಲ. ಅವರು ಬರೆದರು. ಮೇ ಮೂವತ್ತೊಂದರಂದು ಉಗ್ರಾಣದಲ್ಲಿ ಬೀಳ್ಕೊಡುಗೆಗೆ ಶಾಮಿಯಾನ ಕಟ್ಟಿ, ಮೈಸೂರು ಪೇಟ, ಗಂಧದ ಹಾರ, ಬಿಸಿಬೇಳೆಬಾತು ಎಲ್ಲ ಸಿದ್ಧವಾಗಿತ್ತು. ರಾಮಾನುಜ ಮರಿಯಣ್ಣನವರನ್ನು ಮೆಲ್ಲಗೆ ಪಕ್ಕಕ್ಕೆ ಕರೆದರು.

"ಬೇಜಾರ್ ಮಾಡ್ಕೋಬೇಡಿ ಮರಿಯಣ್ಣೋರೆ. ಇವತ್ತೇ ಕೊಡ್ಬೇಕು ಅಂತ ಮೇಲಿಂದ ಬಂದಿದೆ. ಇಲ್ಲೊಂದು ಸೈನ್ ಹಾಕಿಬಿಡಿ, ಆಮೇಲೆ ಹಾರ ಹಾಕ್ತೀವಿ."

ಮೆಮೊ. ಸರ್ಕಾರದ ಮಹತ್ವದ ಕಾರ್ಯಾಚರಣೆಯೊಂದು ತಮ್ಮ ಅಜಾಗರೂಕತೆಯಿಂದ ವಿಫಲವಾಗಿದೆ, ಇಲಾಖಾ ವಿಚಾರಣೆ ಏಕೆ ನಡೆಸಬಾರದು. ಮರಿಯಣ್ಣನವರು ಸಹಿ ಹಾಕಿ, ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದು ಕುರ್ಚಿಯ ಮೇಲೆ ಕೂತು ಕೊರಳು ಬಗ್ಗಿಸಿದರು. "ಒಂದೇ ಒಂದು ಮೆಮೊ ಇಲ್ಲದ ಸೇವೆ!" ಎಂದು ರಾಮಾನುಜ ಭಾಷಣ ಮಾಡಿದರು. ಭಾಷಣ ಹಿಂದಿನ ವಾರವೇ ಬರೆದದ್ದು, ಬದಲಾಯಿಸಲು ಸಮಯವಿರಲಿಲ್ಲ.

ವಿಚಾರಣೆ ಆರು ವರ್ಷ ನಡೆಯಿತು. ಅಷ್ಟೂ ವರ್ಷ ಅರೆಬರೆ ಪಿಂಚಣಿ. ವಿಚಾರಣಾಧಿಕಾರಿಗಳು ನಾಲ್ಕು ಮಂದಿ ಬದಲಾದರು. ಎರಡನೆಯವರು, ಕಾಲು ತಾಗಿದ ಹಣವನ್ನು ಕಣ್ಣಿಗೊತ್ತಿಕೊಳ್ಳುವ ಪದ್ಧತಿ ಇದೆಯೆಂಬುದಕ್ಕೆ ಲಿಖಿತ ಆಧಾರ ಒದಗಿಸಬೇಕು ಎಂದು ಬರೆದು ಕೇಳಿದರು. ಮರಿಯಣ್ಣನವರು ತಮ್ಮ ದುಂಡನೆಯ ಅಕ್ಷರದಲ್ಲಿ, ಹೀಗೊಂದು ಪದ್ಧತಿ ನಮ್ಮ ತಾಯಿ ಕಲಿಸಿದ್ದು, ಅವರು ಅಕ್ಷರ ಬಲ್ಲವರಲ್ಲವಾದ್ದರಿಂದ ಲಿಖಿತ ಆಧಾರವಿಲ್ಲ ಎಂದು ಉತ್ತರಿಸಿದರು.

ಎರಡು ಸಾವಿರದ ಒಂಬತ್ತರಲ್ಲಿ ಆದೇಶ ಬಂತು. ಶ್ರೀ ಮರಿಯಣ್ಣ, ನಿವೃತ್ತ, ಇವರು ಮುಂದೆ ಇಂಥ ಕಾರ್ಯಾಚರಣೆಗಳಲ್ಲಿ ಪಂಚರಾಗಿ ಭಾಗವಹಿಸುವಾಗ ಎಚ್ಚರದಿಂದಿರತಕ್ಕದ್ದು. ಸದರಿ ಎಚ್ಚರಿಕೆಯನ್ನು ಅವರ ಸೇವಾ ಪುಸ್ತಕದಲ್ಲಿ ನಮೂದಿಸತಕ್ಕದ್ದು. ನಮೂದಾದ ಮೇಲೆ ಪೂರ್ಣ ಪಿಂಚಣಿ.

ಅವರು ಉಗ್ರಾಣಕ್ಕೆ ಹೋದರು. ಪರಿಚಯದ ಮುಖ ಒಂದೂ ಇರಲಿಲ್ಲ. ಸ್ವರೂಪ್ ಎಂಬ ಗುಮಾಸ್ತ ಕುರ್ಚಿ ಕೊಟ್ಟು ಕೂರಿಸಿ, ಒಳಗೆ ಹೋಗಿ ಒಂದು ಗಂಟೆ ಹುಡುಕಿ, ತಲೆಯೆಲ್ಲ ಧೂಳು ಮಾಡಿಕೊಂಡು ಬಂದ.

"ಸಾರ್, ನಿಮ್ಮ ಪುಸ್ತಕ ಸಿಗ್ತಿಲ್ಲ. ವಿಚಾರಣೆಗೆ ಅಂತ ಕಳ್ಸಿದ್ದು ವಾಪಸ್ ಬಂದಿಲ್ಲ ಅನ್ಸುತ್ತೆ."

"ಹಾಗಾದ್ರೆ ಎಚ್ಚರಿಕೆ ಎಲ್ಲಿ ಬರೀತೀರಪ್ಪಾ?"

"ಅದೇ ಯೋಚ್ನೆ ಸಾರ್. ಒಂದ್ ಕೆಲ್ಸ ಮಾಡೋಣ. ಹೊಸ ಪುಸ್ತಕ ತೆಗೀತೀನಿ, ನಕಲು ಅಂತ. ಹಳೇ ವಿವರ ಯಾವುದೂ ಇಲ್ವಲ್ಲ, ಇದೊಂದೇ ಬರ್ದು ಪೆನ್ಷನ್‌ಗೆ ಕಳ್ಸಿಬಿಡ್ತೀನಿ."

ಮರಿಯಣ್ಣನವರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಮೂವತ್ತೊಂದು ವರ್ಷದ ಚೊಕ್ಕಟ ಹಾಳೆಗಳು ಎಲ್ಲೋ ಕಳೆದುಹೋದವು. ಇನ್ನು ಸರ್ಕಾರದ ಲೆಕ್ಕದಲ್ಲಿ ಅವರು ಇದ್ದದ್ದಕ್ಕೆ ಉಳಿಯುವ ಗುರುತು ಈ ಒಂದು ಎಚ್ಚರಿಕೆಯೇ.

ಸ್ವರೂಪ್ ಬೀರುವಿನಿಂದ ಹೊಸ ಪುಸ್ತಕ ತೆಗೆದ. ಹೊಸ ಕಾಗದದ ವಾಸನೆ ಬಂತು. ಮೊದಲ ಪುಟದಲ್ಲಿ ಹೆಸರು ಬರೆದು, ಎರಡನೆಯದರಲ್ಲಿ ಆದೇಶವನ್ನು ನಕಲು ಮಾಡತೊಡಗಿದ. ಅಕ್ಷರ ಸೊಟ್ಟ. ಒಂದು ಸಾಲಾದ ಮೇಲೆ ಮರಿಯಣ್ಣನವರಿಗೆ ನೋಡಲಾಗಲಿಲ್ಲ.

"ಕೊಡಪ್ಪಾ ಇಲ್ಲಿ," ಎಂದು ಪೆನ್ನು ಇಸಿದುಕೊಂಡರು. "ಏನಾದ್ರೂ ಇರ್ಲಿ, ನೆಟ್ಟಗೆ ಇರ್ಬೇಕು."

ಕನ್ನಡಕ ಏರಿಸಿಕೊಂಡು, ತಮಗೆ ಬಂದ ಎಚ್ಚರಿಕೆಯನ್ನು ತಾವೇ, ದುಂಡಗೆ, ಒಂದು ಕಾಮಾ ಬಿಡದಂತೆ ಬರೆದರು. ಕೆಳಗೆ ಷರಾ ಎಂಬ ಖಾಲಿ ಜಾಗವಿತ್ತು. ಅದರ ಮೇಲೆ ಬೆರಳಿಟ್ಟು, "ಇಲ್ಲಿ ನಾನು ಒಂದ್ ಮಾತು ಬರೀಬೋದಾ?" ಎಂದರು.

"ಬರೀರಿ ಸಾರ್, ಯಾರ್ ಓದ್ತಾರೆ."

'ಅಂದು ನನ್ನ ಮೂರು ಬೆರಳು ಗುಲಾಬಿಯಾದದ್ದು ನಿಜ. ಮಹಜರಿನಲ್ಲಿ ಬಿಟ್ಟುಹೋಗಿದ್ದನ್ನು ಇಲ್ಲಿ ಬರೆದಿದ್ದೇನೆ' ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿದರು. ಮಸಿ ಆರುವವರೆಗೆ ಕಾದು ಪುಸ್ತಕ ಮುಚ್ಚಿ ಸ್ವರೂಪನ ಕೈಗೆ ಕೊಟ್ಟರು. ಅವನು ಅದರ ಮೇಲೆ ಮುದ್ರೆ ಒತ್ತಿದ.